ಡೊಮಿಂಗಾ ಅಜ್ಜಿಯ ಕೂಗು

ಮಾರ್ಚ್ 4, ಬುಧವಾರ. ಬೆಳಿಗ್ಗೆ 10

ಕಂಪ್ಯೂಟರಿನಲ್ಲಿ ಮತ್ತೆ ಅದೇ ದನಿಯ ತುಂಡು. ಕತ್ತರಿಸಿದೆ, ಎಳೆದೆ, ಕೆಳಗೆ ಡ್ರಮ್ ಕೂರಿಸಿದೆ. ಡೊಮಿಂಗಾ ಅಜ್ಜಿಯ ಗಂಟಲು. ತನ್ನ ತಮ್ಮ ಸತ್ತಾಗ ಅವನ ಹೆಸರು ಹಿಡಿದು ಒಂಬತ್ತು ರಾತ್ರಿ ಹಾಡಿದ್ದಳು. ಕೊನೆಯ ರಾತ್ರಿಯದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೆ. ಅವಳ ಒಪ್ಪಿಗೆ ಕೇಳಿರಲಿಲ್ಲ. ನಮ್ಮೂರು ಪಲೆಂಕೆಯಲ್ಲಿ ಸಾವಿನ ಹಾಡು ಪೂರ್ತಿ ಬರುವುದು ಅವಳೊಬ್ಬಳಿಗೇ.

ಎವೆಲಿಯೊ ಅಣ್ಣ ಬಂದ. ಅವನದು ಪಿಕೋ — ಬೀದಿ ಕುಣಿತಕ್ಕೆ ಗೋಡೆಯೆತ್ತರದ ಸ್ಪೀಕರು. ಕೇಳಿಸಿದೆ.

"ಯಾರ ಗಂಟ್ಲೋ ಇದು?"

"ಡೊಮಿಂಗಾ ಅಜ್ಜಿದು."

"ಬಾಯ್ಬಿಡ್ಬೇಡ. ನಮ್ಮಪ್ಪ ಆಫ್ರಿಕಾದ ರೆಕಾರ್ಡು ಕೈಗೆ ಬಂದ ದಿನಾನೇ ಬ್ಲೇಡಲ್ಲಿ ಲೇಬಲ್ ಕೆರೀತಿದ್ದ. ಹೆಸ್ರು ಗೊತ್ತಾದ್ರೆ ಪಕ್ಕದ ಪಿಕೋದವ್ನೂ ತರಿಸ್ತಾನಲ್ಲ."

"ಅಜ್ಜಿಗೆ ಲೇಬಲ್ ಎಲ್ಲಿದೆ ಅಣ್ಣ?"

"ಹಾಗಾದ್ರೆ ಕೆರೆಯೋ ಕೆಲ್ಸಾನೂ ಉಳೀತು."

ನಕ್ಕೆ. ಅದನ್ನೂ ಬರೆದಿಡಬೇಕು — ನಕ್ಕೆ.

ಮಾರ್ಚ್ 15, ಭಾನುವಾರ

ನಿನ್ನೆ ಎವೆಲಿಯೊ ಅಣ್ಣ ಪಿಕೋದಲ್ಲಿ ಹಾಕಿದ. ಜನ ಏಳು ಸಲ ಹಾಕಿಸಿಕೊಂಡರು. ಇಷ್ಟು ಚೆನ್ನಾಗಿ ನಾನು ಏನನ್ನೂ ಮಾಡಿಲ್ಲ, ಸುಳ್ಳು ವಿನಯ ಬೇಡ. ಆದರೆ ಚೆನ್ನಾಗಿದ್ದದ್ದು ನನ್ನದೋ, ಅವಳದೋ... ಇವತ್ತು ಕೂಗು ತೆಗೆದು ಕೇಳಿದೆ. ಬರೀ ದಬದಬ.

ಮಾರ್ಚ್ 17

ಹೋಗಿ ಅಜ್ಜಿಗೆ ಹೇಳಿಬಿಟ್ಟೆ. ಮರಗೆಣಸು ಸುಲಿಯುತ್ತಿದ್ದಳು. ಫೋನು ಅವಳ ಕಿವಿಗೆ ಹಿಡಿದೆ. ಕೊನೆವರೆಗೂ ಕೇಳಿದಳು.

"ಒಂಬತ್ತು ರಾತ್ರಿ ಕೂಗಿ ನನ್ನ ತಮ್ಮನ್ನ ಆಚೆ ಲೋಕಕ್ಕೆ ಕಳ್ಸಿದ್ದೆ ಕಣೋ ಜೈಡರ್. ನೀನು ಶನಿವಾರದ ಕುಣಿತಕ್ಕೆ ವಾಪಸ್ ಕರೀತಿದ್ದೀಯ."

"ನಿನ್ನ ಹೆಸ್ರು ಹಾಕಿಸ್ತೀನಿ ಅಜ್ಜಿ."

"ಕೋಳಿ ಕದ್ದು ತಿಂದು, ಯಾರ ಮನೇದು ಅಂತ ಡಂಗುರ ಹೊಡೆದ್ರೆ ಕೋಳಿ ಎದ್ದು ಬರುತ್ತಾ?"

ಬೈಯಲಿಲ್ಲ. ಎರಡು ಗೆಣಸು ಕೈಗಿಟ್ಟು ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18

ಅಳಿಸು ಎಂದೆ ಎವೆಲಿಯೊ ಅಣ್ಣನಿಗೆ.

"ಎಲ್ಲರ ಫೋನಲ್ಲೂ ಇದೆ ಮಾರಾಯ. ಸಮುದ್ರಕ್ಕೆ ಉಗುಳಿ ವಾಪಸ್ ತಗೋ ನೋಡೋಣ. ಶಾಲೆ ಬಿಟ್ಟೋನಿಗೆ ನೀತಿಪಾಠ ಯಾವ ಮೇಷ್ಟ್ರು ಹೇಳ್ಕೊಟ್ಟ?"

ಏಪ್ರಿಲ್ 11

ಅಜ್ಜಿಯ ಪಕ್ಕದ ಮನೆಯಲ್ಲಿ ಸಾವು. ಹಾಡಲು ಕೂತಳು. ಮೊದಲ ಕೂಗಿಗೇ ಅಂಗಳದ ಮಕ್ಕಳ ಸೊಂಟ ಆಡಿತು. ಗೇಲಿಯಲ್ಲ. ತಾನಾಗಿ. ಒಬ್ಬ ದೊಡ್ಡವನ ಕಾಲೂ ತಾಳ ಹಾಕಿತು. ಅವಳು ನೋಡಿದಳು. ಸಾಲಿನ ನಡುವೆ ನಿಲ್ಲಿಸಿದಳು.

ಇನ್ನು ಯಾರಿಗೂ ಹಾಡುವುದಿಲ್ಲವಂತೆ. ಕಲಿಸುವುದೂ ಇಲ್ಲವಂತೆ.

ಜೂನ್ 20, ಬೆಳಿಗ್ಗೆ 6

ಡೊಮಿಂಗಾ ಅಜ್ಜಿ ಹೋದಳು. ನಿದ್ದೆಯಲ್ಲೇ. ಕಳಿಸಿಕೊಡಲು ಹಾಡುವವರಿಲ್ಲ. ಅವಳ ಮೊಮ್ಮಗಳು ನೆರೈಡಾ ನಮ್ಮ ಮನೆಗೆ ಬಂದಿದ್ದಾಳೆ.

"ಅವತ್ತು ನೀನು ಪೂರ್ತಿ ಹಿಡ್ಕೊಂಡಿದ್ದೆ ಅಲ್ವಾ? ಅದನ್ನೇ ಹಾಕೋಣ. ಕದ್ದಿದ್ದು ಈಗಾದ್ರೂ ಉಪಯೋಗಕ್ಕೆ ಬರ್ಲಿ."

ಫೋನು ತರುತ್ತೇನೆ ಎಂದು ಒಳಗೆ ಬಂದೆ. ಬಂದು ಇದನ್ನು ಬರೆಯುತ್ತಿದ್ದೇನೆ.

ಪೂರ್ತಿ ಹಿಡಿದಿದ್ದೆ. ಎರಡು ಗಂಟೆ. ಫೋನು ತುಂಬಿತ್ತು. ಬೇಕಾದ್ದನ್ನು ಕತ್ತರಿಸಿಕೊಂಡು ಉಳಿದದ್ದು ಅಳಿಸಿದೆ. ಉಳಿದದ್ದು ಬೇಕಿರಲಿಲ್ಲ.

ಇರುವುದು ನಾಲ್ಕು ಸೆಕೆಂಡು. ಅದರಲ್ಲಿ ಕರೆಯುವುದೂ ತಮ್ಮನನ್ನು, ಅವಳನ್ನಲ್ಲ.

ನೆರೈಡಾ ಬಾಗಿಲು ತಟ್ಟುತ್ತಿದ್ದಾಳೆ. ಹೇಳಬೇಕು. ಎದ್ದು ಹೋಗಿ, ಅವಳ ಮುಖ ನೋಡಿಕೊಂಡೇ —