ಜಿನ್‌ಬಾವ್ ಹಚ್ಚಿದ ಸಿಗರೇಟು

ಪ್ರೀತಿಯ ವೆನ್‌ಬಿನ್‌ಗೆ,

'ಪ್ರೀತಿಯ' ಎಂದು ಬರೆಯಲು ಇವತ್ತು ಮನಸ್ಸೇ ಇರಲಿಲ್ಲ. ಆದರೂ ನೀನು ನನ್ನ ತಮ್ಮನ ಮಗ, ನಾನು ಎತ್ತಿ ಆಡಿಸಿದ ಕೂಸು, ಹಾಗಾಗಿ ಬರೆದೆ. ಫೋನಿನಲ್ಲೇ ಬೈಯೋಣವೆಂದರೆ ನೀನು ಮಾತು ಮುಗಿಸಲು ಬಿಡುವುದಿಲ್ಲ. "ಆಯ್ತತ್ತೆ, ಆಯ್ತತ್ತೆ" ಎನ್ನುತ್ತಲೇ ಇಟ್ಟುಬಿಡುತ್ತೀಯ. ಇದನ್ನು ಕೊನೆಯವರೆಗೆ ಓದು.

ನೀನು ಕಳಿಸಿದ ಬರಹ ತಲುಪಿತು. ಚಿಂಗ್‌ಮಿಂಗ್ ಹಬ್ಬಕ್ಕೆ ಹಿರಿಯರ ಗೋರಿ ಗುಡಿಸಲು ಊರಿಗೆ ಬಂದಾಗ ಅದನ್ನು ನನ್ನ ದನಿಯಲ್ಲಿ ಓದಿಸಿ, ರೆಕಾರ್ಡ್ ಮಾಡಿ, ನೀನು ಪ್ರವಾಸಿಗರಿಗೆ ನಾಟಕ ಆಡಿಸುತ್ತಿರುವ ನಮ್ಮ ಹಳೇ ಮನೆಯಲ್ಲಿ ಬಂದವರಿಗೆಲ್ಲ ಕೇಳಿಸುತ್ತೀಯಂತೆ. ಅಜ್ಜಿಯ ಬಾಯಿಂದಲೇ ಕಥೆ ಕೇಳಿದವರಲ್ಲಿ ಉಳಿದಿರುವವಳು ನಾನೊಬ್ಬಳೇ, ಅದಕ್ಕೆ ನನ್ನ ದನಿಯೇ ಬೇಕಂತೆ. ಸರಿ. ಆದರೆ ನೀನು ಬರೆದಿರುವುದರಲ್ಲಿ ನಾನು ಕೇಳಿದ ಕಥೆ ಎಲ್ಲಿದೆಯಪ್ಪ?

ಹೋದ ತಿಂಗಳು ನಿನಗೆ ಹೇಳದೆ ಊರಿಗೆ ಬಂದಿದ್ದೆ. ಟಿಕೆಟ್ ಕೊಂಡು, ನಾನು ಹುಟ್ಟಿದ ಮನೆಗೆ ದುಡ್ಡು ಕೊಟ್ಟು ಹೋಗಿ, ನಿನ್ನ ಆಟ ನೋಡಿದೆ. ನನ್ನ ಅಜ್ಜಿ ಆಜು, ನಿನ್ನ ಮುತ್ತಜ್ಜಿ, ಆಟದಲ್ಲಿ ರೇಷ್ಮೆ ಬಟ್ಟೆ ತೊಟ್ಟು, ತುಟಿಗೆ ಬಣ್ಣ ಬಳಿದುಕೊಂಡು, ಕೈಯಲ್ಲಿ ಮಚ್ಚು ಹಿಡಿದು ನಿಂತಿದ್ದಳು. ಜಪಾನಿನವರ ಚೇಲಾ ಪೊಲೀಸು ಜಿನ್‌ಬಾವ್ ಸಿಗರೇಟು ಹಚ್ಚಿ ಅವಳ ಮುಖಕ್ಕೆ ಹೊಗೆ ಬಿಟ್ಟ. ಅವಳು ಶಾಪ ಹಾಕಿ ಒದ್ದಳು. ಅವನು ಕಾಲುವೆಗೆ ಬಿದ್ದ. ಮಕ್ಕಳೆಲ್ಲ ಕುಣಿದು ಚಪ್ಪಾಳೆ ತಟ್ಟಿದವು. ನನಗೆ ಮೈಯೆಲ್ಲ ಉರಿದುಹೋಯಿತು.

ಅಜ್ಜಿ ಯಾರನ್ನೂ ಒದೆಯಲಿಲ್ಲ ಕಣೋ. ಆ ದಿನ ಅವಳು ಬಾಗಿಲು ದಾಟಿ ಹೊರಗೇ ಬರಲಿಲ್ಲ, ಒದೆಯುವುದೆಲ್ಲಿ ಬಂತು!

ನಡೆದದ್ದನ್ನು ಮತ್ತೊಮ್ಮೆ ಬರೆಯುತ್ತೇನೆ. ಜಪಾನಿನವರು ನಮ್ಮ ಊರು ಹಿಡಿದಿದ್ದ ಕಾಲ. ಅದು ರೇಷ್ಮೆಹುಳು ಸಾಕುವ ತಿಂಗಳು. ಹುಳುಗಳು ಕಡೇ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಹಗಲಿರುಳೂ ಸೊಪ್ಪು ಮೇಯುತ್ತಿದ್ದವು. ಊರಿನ ಎಲ್ಲ ಬಾಗಿಲಿಗೂ ಕೆಂಪು ಕಾಗದ ಅಂಟಿಸಿತ್ತು. ಆ ಕಾಗದ ಕಂಡರೆ ಹೊರಗಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಒಡಹುಟ್ಟಿದವಳೇ ಬಂದರೂ ಬೀದಿಯಲ್ಲೇ ನಿಂತು ಮಾತಾಡಿ ಹೋಗಬೇಕು. ನಮ್ಮ ತಾತನನ್ನು ಜಪಾನಿನವರು ಹೊರೆ ಹೊರಲು ಹಿಡಿದುಕೊಂಡು ಹೋಗಿದ್ದರು. ಮನೆಯಲ್ಲಿ ಅಜ್ಜಿ, ಅವಳ ಮಗು, ಹುಳು ಅಷ್ಟೆ. ಗೂಡು ಕಟ್ಟಿದರೆ ಆ ವರ್ಷ ಊಟ, ಇಲ್ಲದಿದ್ದರೆ ಇಲ್ಲ.

ಅಂಥ ಹೊತ್ತಿನಲ್ಲಿ ಅಂಬಿಗ ಫೂಗೆನ್ ಹಿತ್ತಿಲಿಂದ ಒಳಗೆ ನುಗ್ಗಿದ. ಅವನು ನಿನ್ನ ಬರಹದಲ್ಲಿರುವ 'ಕಮಾಂಡರ್' ಅಲ್ಲ. ದೋಣಿ ದಾಟಿಸಿ ಬದುಕುತ್ತಿದ್ದ ಹೆದರುಪುಕ್ಕಲ. ಸೈನಿಕರು ಆಚೆ ದಡದ ಊರಿನ ಅಕ್ಕಿ ಬಾಚಲು ಹೊರಟಿದ್ದರು. ಅವರು ದಾಟಬಾರದೆಂದು ತನ್ನ ದೋಣಿಗೆ ತಾನೇ ತೂತು ಕೊರೆದು ಮುಳುಗಿಸಿ ಓಡಿ ಬಂದಿದ್ದ. ಬದುಕಲು ಅವನಿಗಿದ್ದದ್ದು ಅದೊಂದೇ ದೋಣಿ. ಅವನನ್ನು ಕಂಡು ಅಜ್ಜಿ ಮೊದಲು ಕೇಳಿದ್ದೇನು ಗೊತ್ತೇ? "ಥೂ, ಕೈಕಾಲು ತೊಳ್ಕೊಂಡ್ ಬಂದ್ಯೇನೋ? ಒಳಗೆ ಕಂದಗಳವೆ!" ನಮ್ಮಲ್ಲಿ ಹುಳುವನ್ನು ಕಂದ ಎಂದೇ ಅನ್ನುವುದಲ್ಲವೇ. ಅಷ್ಟು ಬೈದ ಮೇಲೆ, ಆ ದಿನ ಹುಳುವಿಗೆ ಹಾಕಲು ಕೊಯ್ದು ತಂದಿದ್ದ ಹಿಪ್ಪುನೇರಳೆ ಸೊಪ್ಪಿನ ರಾಶಿಯೊಳಗೆ ಅವನನ್ನು ಮಲಗಿಸಿ, ಮೇಲೆ ಸೊಪ್ಪು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ ಜಿನ್‌ಬಾವ್ ಸೈನಿಕರನ್ನು ಕರೆದುಕೊಂಡು ಬಂದ. ಅವನು ನಮ್ಮ ಬೀದಿಯವನೇ, ಅವನ ತಾಯಿಯೂ ಹುಳು ಸಾಕುವವಳೇ. ಕೆಂಪು ಕಾಗದದ ಮುಂದೆ ನಿಂತು ಮೂಗು ಅರಳಿಸಿದ. ಆಮೇಲೆ ಜೇಬಿನಿಂದ ಸಿಗರೇಟು ತೆಗೆದು, ಹುಳುಮನೆಯ ಬಾಗಿಲಲ್ಲೇ ನಿಂತು ಹಚ್ಚಿದ! ಹೊಗೆಸೊಪ್ಪಿನ ನಾತ ತಾಗಿದರೆ ಹುಳು ಉಳಿಯುವುದಿಲ್ಲವೆಂದು ನಮ್ಮಲ್ಲಿ ಹಾಲುಕುಡಿಯುವ ಮಕ್ಕಳಿಗೂ ಗೊತ್ತು. ಅಜ್ಜಿಗೆ ಹೆದರಿಕೆಯೆಲ್ಲ ಮರೆತುಹೋಯಿತು. ಒಳಗಿನಿಂದಲೇ ಕಿರುಚಿದಳು. "ಲೋ ಜಿನ್‌ಬಾವ್, ನಿನ್ ಕೈ ಸೇದೋಗ! ಹುಳಿನ್ ಮನೆ ಬಾಗ್ಲಲ್ಲಿ ಹೊಗೆ ಬಿಡ್ತೀಯೇನೋ? ನಿಮ್ಮವ್ವ ನಿನಗೆ ಅನ್ನ ಹಾಕಿದ್ಲೋ ಮಣ್ಣು ಹಾಕಿದ್ಲೋ!" ಅವನು ಸೈನಿಕರ ಕಡೆ ತಿರುಗಿ, ಒಳಗೆ ಹೋದರೆ ಹುಳು ಸಾಯುತ್ತವೆ, ನಿಮ್ಮ ಅಧಿಕಾರಿಗಳಿಗೆ ಗೂಡು ಬೇಕಲ್ಲವೇ ಎಂದು ಹೇಳಿ, ಅವರನ್ನು ಮುಂದಿನ ಬೀದಿಗೆ ನಡೆಸಿಕೊಂಡು ಹೋದ. ಕತ್ತಲಾದ ಮೇಲೆ ಫೂಗೆನ್ ಊರು ಬಿಟ್ಟ.

ಬೇರೆ ಸೊಪ್ಪು ಇರಲಿಲ್ಲ. ರಾಶಿಯಲ್ಲಿದ್ದುದನ್ನೇ ಅಜ್ಜಿ ಹಾಕಿದಳು. ಬೆಳಗಾಗುವುದರೊಳಗೆ ತಟ್ಟೆ ತಟ್ಟೆಯ ಹುಳುವೂ ಹಸಿರು ನೀರು ಕಕ್ಕಿ ಸತ್ತು ಬಿದ್ದಿತ್ತು. ಅವಳು ಅಂಗಳದಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳಂತೆ. ಅಂದಿನಿಂದ ಜಿನ್‌ಬಾವ್ ಎದುರಿಗೆ ಸಿಕ್ಕಾಗಲೆಲ್ಲ ಶಾಪ ಹಾಕಿದಳು. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಅವನ ತಾಯಿ ಸತ್ತ ದಿನವೂ ಬಿಡಲಿಲ್ಲ. "ಹುಳು ಕೊಂದೋನು" ಎಂದೇ ಅವನಿಗೆ ಹೆಸರು ಬಿತ್ತು. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ.

ಯುದ್ಧ ಮುಗಿದು ಫೂಗೆನ್ ಊರಿಗೆ ಬಂದಾಗಲೇ ಅಜ್ಜಿಗೆ ನಿಜ ತಿಳಿದದ್ದು. ಅವನು ಕಾಲು ಹಿಡಿದುಕೊಂಡು, "ಆಜಕ್ಕ, ಅವತ್ತು ನನ್ ಸೊಂಟದಲ್ಲಿ ಹೊಗೆಸೊಪ್ಪಿನ ಚೀಲ ಇತ್ತು ಕಣಕ್ಕ. ಭಯದಲ್ಲಿ ಗ್ಯಾನನೇ ಇರ್ಲಿಲ್ಲ. ಸೊಪ್ಪೆಲ್ಲ ನಾತ ಹೊಡೀತಿತ್ತು" ಎಂದ. ಆಗ ಅಜ್ಜಿಗೆ ಎಲ್ಲ ಹೊಳೆಯಿತಂತೆ. ಆ ನಾತ ಬಾಗಿಲಾಚೆಗೂ ಹೋಗಿತ್ತು. ಗಂಡಸಿಲ್ಲದ ಹುಳುಮನೆಯಲ್ಲಿ ಹೊಗೆಸೊಪ್ಪು ನಾರುತ್ತಿದೆಯೆಂದರೆ ಒಳಗೆ ಯಾರೋ ಇದ್ದಾರೆಂದು ಜಿನ್‌ಬಾವ್‌ಗೆ ಗೊತ್ತಾಗಿತ್ತು. ಸೈನಿಕರ ಮೂಗಿಗೆ ಅದು ಬೇರೆಯಾಗಿ ತಿಳಿಯದಿರಲಿ ಎಂದೇ ಅವನು ಸಿಗರೇಟು ಹಚ್ಚಿದ್ದು. ಅಜ್ಜಿ ಊರ ತುಂಬ ಶಾಪ ಹಾಕುತ್ತಿದ್ದಾಗ ಅವನು ನಿಜದ ಒಂದು ಮಾತು ಬಾಯಿಬಿಟ್ಟಿದ್ದರೂ ಸಾಕಿತ್ತು, ಅವಳೂ ಉಳಿಯುತ್ತಿರಲಿಲ್ಲ, ಅವನೂ ಉಳಿಯುತ್ತಿರಲಿಲ್ಲ.

ಅವನೇನು ಸಾಧುವಾಗಿರಲಿಲ್ಲ. ಜಪಾನಿನವರ ಅಕ್ಕಿ ತಿಂದವನೇ, ಬಡವರ ಕೋಳಿ ಹಿಡಿದುಕೊಂಡು ಹೋದವನೇ. ಜನ ಅವನನ್ನು ಗುಡಿಯಂಗಳಕ್ಕೆ ಎಳೆತಂದು ಕಟ್ಟಿಹಾಕಿದರು. ದೊಣ್ಣೆ ಹಿಡಿದವರು ಕೂಗಿದ ಮೊದಲ ಆರೋಪ ಯಾವುದು ಗೊತ್ತೇ? ಆಜುವಿನ ಹುಳು ಕೊಂದದ್ದು! ಆಗ ಅಜ್ಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದು ನಿಂತಳು. ಅವಳ ಕಡೆಯವರೇ ಅವಳ ತೋಳು ಹಿಡಿದೆಳೆದರು. "ಅವನ್ ಪರ ಮಾತಾಡಿದ್ರೆ ನಿನಗೂ ಅದೇ ಗತಿ" ಎಂದರು. ಅವಳು ಹೇಳಿದಳು: "ಹುಳು ಕೊಂದೋನು ಇವನಲ್ಲ. ನಾನಂದಿದ್ದೆಲ್ಲ ಸುಳ್ಳು. ಇವನು ಕೋಳಿ ಕದ್ದಿದ್ರೆ ಅದಕ್ಕೆಷ್ಟೋ ಅಷ್ಟು ಹೊಡೀರಿ. ನನ್ ಹುಳಿನ ಲೆಕ್ಕದಲ್ಲಿ ಒಂದೇಟು ಬಿದ್ರೂ ಅದು ನನ್ ಮೇಲೆ ಬೀಳ್ಲಿ." ಜಿನ್‌ಬಾವ್‌ಗೆ ಕೋಳಿಯ ಲೆಕ್ಕದ ಏಟು ಬಿದ್ದವು, ಆದರೆ ಜೀವ ಉಳಿಯಿತು.

ವೆನ್‌ಬಿನ್, ನಮ್ಮ ಮನೆಯಲ್ಲಿ ಉಳಿಸಿಡಬೇಕಾದ ಕಥೆ ಇದು. ಇದನ್ನು ನಾನು ಹೇಳಿದಾಗ ನೀನು ಏನೆಂದೆ? "ಅತ್ತೆ, ತಪ್ಪಾಯ್ತು ಅನ್ನೋ ಅಜ್ಜೀನ ನೋಡೋಕೆ ಯಾರು ಬರ್ತಾರೆ? ಜನಕ್ಕೆ ಒಬ್ಬ ಕೆಟ್ಟೋನು ಬೇಕು." ನಿನ್ನ ನಾಲಗೆಗೆ ಅದು ಹೇಗೆ ಬಂತೋ! ಕೆಟ್ಟವನು ಬೇಕಿದ್ದರೆ ಒಂದು ಹೆಸರು ಕಟ್ಟಿ ಬರೆಯಬಹುದಿತ್ತು. ಜಿನ್‌ಬಾವ್ ಹೆಸರನ್ನೇ ಇಟ್ಟೆ, ಅವನ ಸಿಗರೇಟನ್ನೇ ಇಟ್ಟೆ, ಅದು ಯಾಕೆ ಹೊತ್ತಿತೆಂಬುದನ್ನು ಮಾತ್ರ ಕಿತ್ತೆಸೆದೆ.

ನಿನ್ನ ಆಟದ ಮನೆಯ ಎದುರಿಗೆ ಅಂಟಕ್ಕಿ ಕಡುಬು ಮಾರುವ ಯಾಲಾನ್ ಯಾರೆಂದು ನಿನಗೆ ಚೆನ್ನಾಗಿ ಗೊತ್ತು. ಅವಳು ಜಿನ್‌ಬಾವ್‌ನ ಮೊಮ್ಮಗಳು. ಆ ದಿನ ಆಟ ಮುಗಿದ ಮೇಲೆ ಅವಳ ಅಂಗಡಿಯ ಮುಂದೆ ಕೂತೆ. ಮುಖ ಎತ್ತಲು ನನಗೇ ನಾಚಿಕೆ. ಅವಳೇ ಬಿಸಿ ಕಡುಬು ಬಿಚ್ಚಿ ಕೈಗಿಟ್ಟಳು. "ತಿನ್ನಿ ಸುಯೂನಕ್ಕ. ನಮ್ಮಜ್ಜ ಗಂಟೆಗೊಂದ್ಸಲ ಕಾಲುವೆಗೆ ಬೀಳ್ತಾನೆ. ಮೊದಮೊದ್ಲು ಅಂಗ್ಡಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಈಗ ರೇಡಿಯೋ ಜೋರು ಮಾಡ್ತೀನಿ, ಅಷ್ಟೆಯ" ಎಂದು ನಕ್ಕಳು. ಆ ನಗು ನೋಡಿದರೆ ಸಾಕು ಕಣೋ, ನಿನ್ನ ಕೆನ್ನೆಗೆ ಎರಡು ಬಾರಿಸೋಣ ಅನ್ನಿಸುತ್ತದೆ. ಶಾಲೆಯಿಂದ ಅವಳ ಮೊಮ್ಮಗಳನ್ನು ಕರೆತಂದಾಗ ಉಳಿದ ಮಕ್ಕಳು ಚಪ್ಪಾಳೆ ತಟ್ಟಿ ಆ ಹುಡುಗಿಗೆ ಏನೆಂದು ಕೂಗುತ್ತಾರೆ, ಹೋಗಿ ಕೇಳು.

ನಿನ್ನ ಬರಹವನ್ನು ನಾನು ಓದುವುದಿಲ್ಲ. ಹಬ್ಬಕ್ಕೆ ಬರುತ್ತೇನೆ. ಯಾಲಾನ್‌ಳನ್ನೂ ಕರೆದುಕೊಂಡು ನಮ್ಮ ಮನೆಯ ಬಾಗಿಲಲ್ಲಿ ನಿಂತು, ಬಂದವರಿಗೆ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಿನ್ನ ಮೆಷಿನ್ ಹಾಕಿದರೆ ಹಾಕು, ಬಿಟ್ಟರೆ ಬಿಡು. ಕಾಲುವೆಯಾಚೆಗೆ ಕೇಳುವಷ್ಟು ಗಂಟಲು ನನಗಿನ್ನೂ ಇದೆ.

ಯಾವ ಶಾಪವನ್ನು ವಾಪಸು ತೆಗೆದುಕೊಳ್ಳಲು ಅಜ್ಜಿ ದೊಣ್ಣೆಗಳ ನಡುವೆ ಹೋಗಿ ನಿಂತಳೋ, ಅದೇ ಶಾಪವನ್ನು ನೀನು ಗಂಟೆಗೊಮ್ಮೆ ಅವಳ ಬಾಯಲ್ಲಿ ಹಾಕಿಸುತ್ತಿದ್ದೀಯ. ಸತ್ತವಳ ಬಾಯಿ ಅದು, ಬೇಡವೆನ್ನಲು ಅವಳಿಗೆ ಬರುವುದಿಲ್ಲ. ಅದಕ್ಕೇ ನಾನು ಬೇಡವೆನ್ನುತ್ತಿದ್ದೇನೆ.

ನಿನ್ನ ಮಕ್ಕಳು ಚೆನ್ನಾಗಿರಲಿ, ನೀನೂ ಚೆನ್ನಾಗಿರು. ನಿನಗೆ ಒಳ್ಳೆಯ ಬುದ್ಧಿ ಬರಲಿ ಎಂದು ಹರಸುತ್ತೇನೆ, ಬೇಗ ಬರಲಿ.

ಸಿಟ್ಟಿನಿಂದಲೇ,
ನಿನ್ನ ಸೋದರತ್ತೆ
ಸುಯೂನ್