ಬ್ಯಾಂಕಿಗೆ ಹೊರಟ ದಿಬ್ಬಣ

ಯಲ್ಲಮ್ಮಕ್ಕ,

ನೀನು ತೀರಿಕೊಂಡು ವರ್ಷವಾಯಿತು. ಈ ಪತ್ರ ಎಲ್ಲಿಗೂ ಹೋಗುವುದಿಲ್ಲ, ಗೊತ್ತು. ಆದರೂ ಇವತ್ತಿನ ವರದಿಯನ್ನು ನಿನಗೇ ಒಪ್ಪಿಸಬೇಕು.

ಭದ್ರಾವತಿಯ ನಮ್ಮ ಬೀದಿಯ ಹಾಲೇಶನಿಗೆ ಕಾರ್ಖಾನೆಯ ಗುತ್ತಿಗೆ ಕೆಲಸ ಹೋಯಿತು, ಮನೆ ಸಾಲದ ಕಂತು ನಿಂತಿತು. ಶಿವಮೊಗ್ಗದ ಬ್ಯಾಂಕಿನವರು ಬಂದು ಹರಾಜಿನ ನೋಟೀಸು ಅಂಟಿಸಿದರು. ಅವನು ನಾಚಿ ಬಾಗಿಲು ಹಾಕಿಕೊಂಡ. ಕೆಲಸ ಕಿತ್ತುಕೊಂಡವರಿಗೆ ಇಲ್ಲದ ನಾಚಿಕೆ ಕಳೆದುಕೊಂಡವನಿಗೆ ಯಾಕೆ?

ನೀನು ಬೆಳೆಸಿದ ಮೈತ್ರಿ ನಿನ್ನ ಪದ್ಧತಿಯನ್ನೇ ಹಿಡಿದಳು. ಸಾಲಗಾರ ತಲೆತಗ್ಗಿಸಿ ಒಬ್ಬನೇ ಹೋಗಬಾರದು, ಬೀದಿಯೇ ದಿಬ್ಬಣದ ಹಾಗೆ ಹೋಗಬೇಕು. ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು, ಹಾಲೇಶನನ್ನು ನಡುವೆ ಕೂರಿಸಿಕೊಂಡು ಬಸ್ಸಿನಲ್ಲಿ ಹೊರಟರು.

ಮ್ಯಾನೇಜರ್ ಕಂಗಾಲು. "ಯಾರ ಮದುವೆ ರೀ?"

"ಮದುವೆ ಅಲ್ಲ ಸಾರ್, ಮನೆ ವಿಷಯ. ಕುರ್ಚಿ ಹಾಕ್ಸಿ," ಎಂದಳು ಮೈತ್ರಿ. "ಹರಾಜಲ್ಲಿ ತಗೊಂಡೋರು ನಮ್ಮ ಮಧ್ಯಾನೇ ಬಾಳ್ಬೇಕು ನೋಡಿ. ಅದಕ್ಕಿಂತ ಸಾಲ ತೀರಿಸೋ ವರ್ಷ ಹೆಚ್ಚಿಸಿ, ಕಂತು ಇಳಿಸಿ. ಇವ್ನು ಈಗ ಆಟೋ ಓಡಿಸ್ತಾನೆ, ಕಟ್ತಾನೆ."

ಮೇಲಿನವರಿಗೆ ಫೋನು ಹೋಯಿತು. ಸಂಜೆಯ ಹೊತ್ತಿಗೆ ಕಂತು ಇಳಿಯಿತು, ಹರಾಜು ನಿಂತಿತು. ಇಷ್ಟು ವರ್ಷ ಬ್ಯಾಂಕಿನ ಮುಂದೆ ನಿಂತು ನಾನು ಮಾಡಿದ ಯಾವ ಭಾಷಣವೂ ಒಂದು ಮನೆಗೆ ಬೀಗ ಬೀಳುವುದನ್ನು ಹೀಗೆ ತಡೆದಿರಲಿಲ್ಲ.

"ಹೊರಗೆ ಕೂಗಿದ್ದು ಸಾಕು ಮಾರಾಯ, ಒಳಗೆ ಬಾ," ಎಂದು ನೀನು ಪ್ರತಿ ಸಲ ಕರೆಯುತ್ತಿದ್ದೆ. ಇವತ್ತು ಇಸ್ತ್ರಿ ಅಂಗಿ ತೊಟ್ಟು ಒಳಗೆ ಹೋಗಿದ್ದೆ, ಅಕ್ಕ.

ಮೈತ್ರಿ ಉಟ್ಟಿದ್ದು ನಿನ್ನ ಹಸಿರು ಸೀರೆ. ವಾಪಸ್ ಬರುವಾಗ, "ಇನ್ನು ಮಡಚಿಡ್ತೀಯಾ?" ಎಂದು ಕೇಳಿದೆ.

"ಎಲ್ಲಿ ಮಡಚೋದಣ್ಣ? ಹಿಂದಿನ ಬೀದೀಲೂ ಒಂದು ಮನೆಗೆ ನೋಟೀಸು ಅಂಟಿಸಿದ್ದಾರೆ, ನಾಳೆ ಮತ್ತೆ ಬೇಕು. ನೀವೂ ಅಂಗಿ ಕೊಳೆ ಮಾಡ್ಕೋಬೇಡಿ."