ಒರೆಸಿದ ಸೊನ್ನೆಗಳು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲ ಇನ್ನೂ ದಿಂಬು ಹೊತ್ತುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೀಯಾ? ನಿನ್ನ ಮಾತು ನಂಬದೆ ಕಿವಿ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಲಿಕ್ಕೆ ನಿನ್ನ ಹೆಂಡತಿಗೆ ನಾನು ಹೇಳಿದ್ದೇನೆಂದು ಹೇಳು. ನಾನು ಚೆನ್ನಾಗಿದ್ದೇನೆ ಎಂದು ಬರೆದು ಹೊಡೆದುಹಾಕಿದೆ, ಮೇಲೆ ಗೀಚಿರುವುದು ಅದೇ. ಚೆನ್ನಾಗಿಲ್ಲ ಕಣೋ. ಕೂತಲ್ಲಿ ಕೂರಲು ಆಗುತ್ತಿಲ್ಲ. ಈ ಕಾಗದವನ್ನೇ ಊಟದ ಮೇಜಿನಲ್ಲಿ ಶುರುಮಾಡಿ, ಮೆಟ್ಟಿಲ ಮೇಲೆ ಮುಂದುವರಿಸಿ, ಈಗ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. "ನಿಮ್ಮಪ್ಪನ ಕಾಲು ನಿಂಗೆ ಬಂದ್ಬಿಟ್ಟಿದೆ" ಅಂತ ನಿನ್ನ ಭಾವ ನಗುತ್ತಾರೆ.

ಅಪ್ಪ ಹೋಗಿ ಎರಡು ತಿಂಗಳಾಯಿತು. ತೊಂಬತ್ತೆರಡು ವರ್ಷ, ತುಂಬು ಬಾಳು, ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ ಎಂದು ಬಂದವರೆಲ್ಲ ಹೇಳಿದರು. ನಿಜವೇ. ನೀರಿನ ಆಫೀಸಿನಿಂದ ನಿವೃತ್ತರಾಗಿ ಮೂವತ್ತನಾಲ್ಕು ವರ್ಷವಾಗಿದ್ದರೂ ಬೆಳಗಾದರೆ ಕಿವಿಗೋಲು ಹಿಡಿದು ಹೊರಟೇಬಿಡುತ್ತಿದ್ದರಲ್ಲ. ಎದೆಮಟ್ಟದ ಆ ಮರದ ಕೋಲಿನ ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಕೇಳಿಸಿಕೊಂಡು, ಅಲ್ಲಿ ಸೀಮೆಸುಣ್ಣದಲ್ಲಿ ದೊಡ್ಡ ಸೊನ್ನೆ ಬರೆದು, ಒಳಗೆ ತಾರೀಖು ಹಾಕಿದರೆ ಆಯಿತು, ಆಫೀಸಿನವರು ಬಂದು ಅಗೆಯುತ್ತಿದ್ದರು. ನನ್ನ ಮದುವೆಯ ದಿನವೂ ಬಿಡಲಿಲ್ಲ, ಮಹಾರಾಯರು! ಅಡುಗೆಮನೆಯ ಹಿಂದೆ ಸೊನ್ನೆ ಬರೆದು, ಬೀಗರ ಹೊಸ ಪಂಚೆಗೆಲ್ಲ ಸುಣ್ಣ ಮೆತ್ತಿಸಿದರು. ಆಮೇಲೆ ಅಗೆದಾಗ ಸೋರಿಕೆ ಅಲ್ಲೇ ಇತ್ತು.

ಕೊನೆಯ ಎರಡು ವರ್ಷ ಕಿವಿ ಪೂರ್ತಿ ಹೋಯಿತು. ಆಗ ಕೋಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ನಿಲ್ಲಲು ಶುರುಮಾಡಿದರು. "ಕಿವಿ ಹೋದ್ರೇನಂತೆ, ಹಲ್ಲು ಸ್ವಂತದ್ದೇ ಅಲ್ವಾ?" ಅನ್ನುತ್ತಿದ್ದರು. ನಡುರಸ್ತೆಯಲ್ಲಿ ಕೋಲು ಕಚ್ಚಿ ನಿಂತ ಮುದುಕರನ್ನು ನೋಡಿ ಶಾಲೆಯ ಮಕ್ಕಳು ನಗುತ್ತಿದ್ದರೆ ನನಗೆ ನಾಚಿಕೆಯಿಂದ ಮುಖ ಎತ್ತಲಾಗುತ್ತಿರಲಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಆ ಉಪಾಯ ಹೂಡಿದ್ದು ಆಗಲೇ. ಅಪ್ಪ ಸೊನ್ನೆ ಬರೆದರೆ ಆಫೀಸಿಗೆ ಹೇಳಿದ್ದೇವೆ ಎಂದು ಸುಳ್ಳು ಹೇಳುವುದು. ನಾಲ್ಕು ದಿನ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ರಿಪೇರಿಯಾಯಿತು ಎಂದು ಚೀಟಿ ಬರೆದು ತೋರಿಸುವುದು. ಚೀಟಿ ಓದಿ ಅಪ್ಪ ತಲೆಯಾಡಿಸುತ್ತಿದ್ದರು. ಪಾಪ, ಅವರಿಗೂ ಸಮಾಧಾನ, ನಮಗೂ ಮರ್ಯಾದೆ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೊನ್ನೆ ಗುರುವಾರ ಬೆಳಿಗ್ಗೆ ಬೇಕರಿಯ ಮುಂದೆ ರಸ್ತೆ ಕುಸಿಯಿತು. ಹಾಲಿನ ವ್ಯಾನಿನ ಹಿಂದಿನ ಚಕ್ರ ಪೂರ್ತಿ ಒಳಗೆ. ಯಾರಿಗೂ ಏನೂ ಆಗಲಿಲ್ಲ, ಗಾಬರಿಯಾಗಬೇಡ. ಪೈಪು ಎಷ್ಟೋ ಕಾಲದಿಂದ ಸೋರಿ ಸೋರಿ ಅಡಿಯ ಮಣ್ಣೆಲ್ಲ ಕೊಚ್ಚಿಹೋಗಿತ್ತಂತೆ. ಎಲ್ಲರ ಜೊತೆ ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬೇಕರಿಯವರು ಹತ್ತಿರ ಬಂದು, "ಅಕ್ಕಾ, ಅಜ್ಜ ಸೊನ್ನೆ ಹಾಕಿದ್ದು ಇಲ್ಲೇ ಅಲ್ವಾ? ನೀವು ಒರೆಸೋಕೆ ನಾನೇ ಬಕೆಟ್ ಕೊಟ್ಟಿದ್ದೆ" ಎಂದರು. ಅವರದೇನೂ ಕೆಟ್ಟ ಮನಸ್ಸಲ್ಲ, ನೆನಪಾಗಿದ್ದನ್ನು ಹೇಳಿದರು ಅಷ್ಟೇ.

ರಿಪೇರಿಗೆ ಬಂದಿದ್ದವನು ಅಪ್ಪನ ಹತ್ತಿರ ಕೆಲಸ ಕಲಿತ ನೀರಿನ ಲೈನ್‌ಮನ್, ನಮ್ಮ ಉದ್ದಣ್ಣ. ಅವನ ಮುಂದೆ ಎಲ್ಲ ಹೇಳಿಕೊಂಡೆ. "ಅಯ್ಯೋ ಅಕ್ಕಾ, ಹಲ್ಲಲ್ಲಿ ಕಚ್ಚಿದ್ರೂ ಪೈಪಿನ ಅದುರು ಚೆನ್ನಾಗಿ ಗೊತ್ತಾಗುತ್ತೆ, ನಂಗೂ ಅವರೇ ಕಲಿಸಿದ್ದು. ಉಳಿದ ಸೊನ್ನೆ ಎಲ್ಲೆಲ್ಲಿತ್ತು ಹೇಳಿ, ಕಣ್ಮುಚ್ಕೊಂಡು ಅಗೀತೀನಿ" ಎಂದ. ಎಲ್ಲಿ ಅಂತ ಹೇಳಲೋ? ಹದಿನೈದಾದರೂ ಒರೆಸಿದ್ದೇನೆ, ನೆನಪಿಗೆ ಬರುತ್ತಿರುವುದು ಆರು. ಶಾಲೆಯ ಹತ್ತಿರ ಒಂದಿತ್ತು, ಗೇಟಿನ ಎಡಕ್ಕೋ ಬಲಕ್ಕೋ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ. ದಿನಾ ಬೆಳಿಗ್ಗೆ ಮಕ್ಕಳು ಸಾಲಾಗಿ ನಿಲ್ಲುವುದು ಅಲ್ಲೇ. ಮೂರು ದಿನದಿಂದ ಬೀದಿ ಬೀದಿ ಅಲೆಯುತ್ತಿದ್ದೇನೆ. ನಿನ್ನೆ ಪೊರಕೆಯ ಕೋಲು ಕಚ್ಚಿಕೊಂಡು ಶಾಲೆಯ ಮುಂದೆ ನಿಂತೂ ನೋಡಿದೆ. ಮಕ್ಕಳು ಈಗ ನನ್ನನ್ನು ನೋಡಿ ನಗುತ್ತಾರೆ, ನಗಲಿ ಬಿಡು. ಬಾಯಿಗೆ ಧೂಳು ಬಿಟ್ಟು ಬೇರೇನೂ ಸಿಗಲಿಲ್ಲ.

ನೆನಪಿಗಿರಲಿ ಎಂದು ಕಿವಿಗೋಲನ್ನು ನೀನು ತೆಗೆದುಕೊಂಡು ಹೋದೆ. ಗೋಡೆಗೆ ನೇತುಹಾಕಿದ್ದರೆ ಇಳಿಸಿ, ಅದನ್ನು ಹಿಡಿದುಕೊಂಡು ಬಾ. ಅಪ್ಪನ ಹಿಂದೆ ತಿರುಗಿ ಆ ವಿದ್ಯೆ ಕಲಿತವನು ನೀನು. ನನಗೆ ಕಲಿಸಲಿಲ್ಲವೆಂದು ಊಟ ಬಿಟ್ಟು ಮುನಿಸಿಕೊಂಡವಳು ನಾನು. ಹೋದ ವರ್ಷ ರಜೆಗೆ ಬಂದಾಗ ನೀನೂ ಎರಡು ಒರೆಸಿದ್ದೀಯ, ಅವು ಎಲ್ಲಿದ್ದವೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಾ. ಅಪ್ಪನನ್ನು ನೆನೆದು ಕೂತು ಅಳೋಣವೆಂದರೆ ಪುರುಸೊತ್ತಿಲ್ಲ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಪ್ರೀತಿ ಹೇಳು. ನಿನ್ನ ಬೆನ್ನು ನೆಟ್ಟಗಾಗಲಿ, ಅಪ್ಪನ ಹಾಗೆ ತೊಂಬತ್ತು ದಾಟಿಯೂ ಓಡಾಡಿಕೊಂಡಿರು.

ಇಂತಿ ನಿನ್ನ,
ಅಕ್ಕ

ತಾ.ಕ.: ಕವರು ಅಂಟಿಸುವ ಮುಂಚೆ ಇದೊಂದು. ನಿನಗೂ ಹೇಳಿರಲಿಲ್ಲ. ಅಪ್ಪ ಹೋಗುವ ಒಂದು ವಾರ ಮುಂಚೆ ನಮ್ಮ ಗೇಟಿನ ಒಳಗೇ ಒಂದು ಸೊನ್ನೆ ಬರೆದಿದ್ದರು. ನಾನು ಒರೆಸಿ ತಿರುಗಿದರೆ, ಕಿಟಕಿಯಲ್ಲಿ ಅಪ್ಪ. ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದರು. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಸೊನ್ನೆ, ಈ ಸಲ ಬಾಗಿಲಿಗೆ ಹೊಡೆಯುವ ಎಣ್ಣೆ ಬಣ್ಣದಲ್ಲಿ. ಕನ್ನಡಕವಿಲ್ಲದ ಕಣ್ಣಿಗೆ ಸೊನ್ನೆಯಷ್ಟೇ ಕಂಡು, ಇದೆಂಥ ಹಟವಪ್ಪಾ ಎಂದು ಅದರ ಮೇಲೆ ದೊಡ್ಡ ಹೂಕುಂಡ ಎಳೆದಿಟ್ಟೆ. ಈಗಷ್ಟೇ ಕುಂಡ ಸರಿಸಿದೆ. ಬಣ್ಣ ಹಾಗೇ ಇದೆ. ಒಳಗೆ ತಾರೀಖಿಲ್ಲ. ಅಪ್ಪನ ನಡುಗುವ ಅಕ್ಷರದಲ್ಲಿ ಬರೆದಿದೆ: "ಇದೊಂದನ್ನ ಒರೆಸ್ಬೇಡ, ಪುಟ್ಟೀ."